ಸ್ಕ್ಯಾನ್ ನಾರ್ಮಲ್ ಇದೆ, ಆದರೂ ಮಗಳ ತಲೆನೋವು ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಕಬಡ್ಡಿಯಲ್ಲಿ ಒಳ್ಳೆಯ ರೈಡರ್. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ರೈಡ್ ಹೋದಾಗ, ಹಿಡಿಯಲು ಬಂದ ಹುಡುಗಿಯ ಮೊಣಕಾಲು ಇವಳ ಕಿವಿಯ ಮೇಲ್ಭಾಗಕ್ಕೆ ಜೋರಾಗಿ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ. ಎದ್ದು ಮುಖ ತೊಳೆದುಕೊಂಡು ಪಂದ್ಯ ಮುಗಿಯುವವರೆಗೂ ಆಡಿದಳು. ವಾಪಸ್ ಬರುವಾಗ ಟೆಂಪೋದಲ್ಲಿ ಎರಡು ಸಲ ವಾಂತಿ ಆಯಿತು. ಅಂದೇ ರಾತ್ರಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ನಾರ್ಮಲ್ ಅಂದರು, ಮಾತ್ರೆ ಮತ್ತು ಒಂದು ಮೆದುಳಿನ ಟಾನಿಕ್ ಬರೆದುಕೊಟ್ಟರು. ನಮ್ಮ ಅತ್ತೆ ಹೇಳಿದರು ಅಂತ ಅಂದಿನಿಂದ ಕತ್ತಲೆ ಕೋಣೆಯಲ್ಲೇ ಇಟ್ಟಿದ್ದೇವೆ. ಟಿವಿ, ಮೊಬೈಲು, ಪುಸ್ತಕ, ಸ್ಕೂಲು ಯಾವುದೂ ಇಲ್ಲ. ಇವತ್ತಿಗೆ 16 ದಿನ. ತಲೆನೋವು ಹೋಗಿಲ್ಲ. ಎರಡು ಸಾಲು ಓದಿದರೆ ಅಕ್ಷರ ಅಲುಗಾಡುತ್ತೆ ಅಂತಾಳೆ. ತಟ್ಟನೆ ತಿರುಗಿದರೆ ತಲೆ ಸುತ್ತು. ಮಾತೆತ್ತಿದರೆ ಸಿಟ್ಟು, ಇಲ್ಲದಿದ್ದರೆ ಅಳು. ಸ್ಕ್ಯಾನೇ ಸರಿ ಇದೆ, ಇದು ನಾಟಕ ಅಂತ ನಮ್ಮ ಯಜಮಾನರು. ಇನ್ನು ಹತ್ತು ದಿನಕ್ಕೆ ಜಿಲ್ಲಾ ಮಟ್ಟ ಇದೆ, ಕಳಿಸಿಕೊಡಿ ಅಂತ ಪಿ.ಟಿ. ಮೇಷ್ಟ್ರು. ಎಂ.ಆರ್.ಐ. ಮಾಡಿಸಬೇಕಾ? ಆಡಲು ಬಿಡಬಹುದಾ? ಅವಳ ಬುದ್ಧಿಗೆ ಏನಾದರೂ ತೊಂದರೆ ಆಗುತ್ತಾ? — ಹಾಸನ ಜಿಲ್ಲೆಯ ಒಬ್ಬ ತಾಯಿ

ಉತ್ತರ: ಮೊದಲ ಮಾತು ನಿಮ್ಮ ಯಜಮಾನರಿಗೆ. ದಯವಿಟ್ಟು ಇದನ್ನು ಅವರಿಗೂ ಓದಿ ಹೇಳಿ. ನಿಮ್ಮ ಮಗಳು ನಾಟಕ ಮಾಡುತ್ತಿಲ್ಲ. ಮಕ್ಕಳ ನರರೋಗ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಆಟದಲ್ಲಿ ತಲೆಗೆ ಪೆಟ್ಟು ತಿಂದ ಮಕ್ಕಳು ಇಲ್ಲದ ನೋವನ್ನು ಇದೆ ಅಂದಿದ್ದಕ್ಕಿಂತ, ಇರುವ ನೋವನ್ನು ಮುಚ್ಚಿಟ್ಟಿದ್ದೇ ಜಾಸ್ತಿ. ಟೀಮಿನಲ್ಲಿ ಜಾಗ ಹೋಗುತ್ತದಲ್ಲ, ಅದರ ಭಯ. ನಿಮ್ಮ ಮಗಳು ಕಬಡ್ಡಿ ಅಂದರೆ ಪ್ರಾಣ ಬಿಡುವ ಹುಡುಗಿ. ಅವಳೇ "ಆಗಲ್ಲ" ಅನ್ನುತ್ತಿದ್ದಾಳೆ ಅಂದರೆ ನಿಜವಾಗಿಯೂ ಆಗುತ್ತಿಲ್ಲ.

ನೀವು ಕೇಳಿದ ಪ್ರಶ್ನೆಗಳೆಲ್ಲದರ ಹಿಂದೆ ಇರುವ ದಿಗಿಲು ಒಂದೇ. ಸ್ಕ್ಯಾನಿಗೆ ಕಾಣದ ಏನೋ ಒಳಗೆ ಕೆಟ್ಟುಹೋಗಿದೆಯಾ ಅನ್ನುವುದು. ಅಲ್ವಾ? ಅಲ್ಲಿಂದಲೇ ಶುರು ಮಾಡೋಣ.

ನೀವು ಬರೆದಿರುವುದನ್ನು ನೋಡಿದರೆ ಅವಳಿಗೆ ಆಗಿರುವುದು ಕನ್ಕಷನ್. ಅಂದರೆ ಪೆಟ್ಟಿನ ರಭಸಕ್ಕೆ ಮೆದುಳು ತಲೆಬುರುಡೆಯೊಳಗೆ ಜೋರಾಗಿ ಅಲುಗಿದೆ, ತಿರುಚಿದಂತೆ ಎಳೆದಾಡಿದೆ. ಇದಕ್ಕೆ ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ಕನ್ಕಷನ್ ಆದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆಗೇ ನೇರವಾಗಿ ಬಡಿಯಬೇಕು ಅಂತಲೂ ಇಲ್ಲ. ಓಡುತ್ತಿದ್ದ ಹುಡುಗಿಯನ್ನು ಸೊಂಟ ಹಿಡಿದು ಎಳೆದು ಕೆಡವಿದಾಗ ಕುತ್ತಿಗೆ ಝಾಡಿಸಿದರೂ ಸಾಕು.

ಆ ಕ್ಷಣದಲ್ಲಿ ನರಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತರಲು ಕೋಶಗಳಿಗೆ ತುಂಬಾ ಶಕ್ತಿ ಬೇಕು. ಆದರೆ ಅದೇ ಹೊತ್ತಿಗೆ ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗಿರುತ್ತದೆ. ಬೇಡಿಕೆ ಜಾಸ್ತಿ, ಪೂರೈಕೆ ಕಮ್ಮಿ. ನಿಮ್ಮೂರಿನಲ್ಲಿ ವೋಲ್ಟೇಜ್ ಬಿದ್ದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಕಂಬ ನೆಟ್ಟಗಿದೆ, ತಂತಿ ತುಂಡಾಗಿಲ್ಲ, ಮೀಟರು ಸರಿಯಿದೆ. ಆದರೂ ಬಲ್ಬು ಮಿಣಮಿಣ ಅನ್ನುತ್ತದೆ, ಮಿಕ್ಸಿ ತಿರುಗಲ್ಲ. ಸಿ.ಟಿ. ಸ್ಕ್ಯಾನ್ ತೋರಿಸುವುದು ಕಂಬ, ತಂತಿಗಳನ್ನು ಮಾತ್ರ. ಬುರುಡೆ ಬಿರುಕು ಬಿಟ್ಟಿದೆಯಾ, ರಕ್ತ ಸೋರಿದೆಯಾ ಅಂತ ಹೇಳುತ್ತದೆ. ಎರಡು ಸಲ ವಾಂತಿಯಾದ ಮಗುವಿಗೆ ಅದನ್ನು ಮಾಡಿಸಿದ್ದು ತಪ್ಪಲ್ಲ. ಆದರೆ ವೋಲ್ಟೇಜನ್ನು ಅದು ತೋರಿಸುವುದಿಲ್ಲ. ಹಾಗಾಗಿ "ಸ್ಕ್ಯಾನ್ ನಾರ್ಮಲ್" ಅಂದರೆ ದೊಡ್ಡ ಗಂಡಾಂತರ ಇಲ್ಲ ಅಂತ ಅರ್ಥ. ಪೆಟ್ಟೇ ಆಗಿಲ್ಲ ಅಂತ ಅಲ್ಲ.

ಎಂ.ಆರ್.ಐ. ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಕನ್ಕಷನ್‌ನಲ್ಲಿ ಸಾಮಾನ್ಯವಾಗಿ ಅದೂ ನಾರ್ಮಲ್ ಬರುತ್ತದೆ. ತಲೆನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಪರೀಕ್ಷೆ ಮಾಡಿದ ಡಾಕ್ಟರಿಗೆ ಕೈಕಾಲಿನ ಬಲದಲ್ಲಿ, ಕಣ್ಣಿನ ಚಲನೆಯಲ್ಲಿ ವ್ಯತ್ಯಾಸ ಕಂಡರೆ ಮಾಡಿಸಲೇಬೇಕು. ಇಲ್ಲದಿದ್ದರೆ ಆ ದುಡ್ಡನ್ನು ಫಿಸಿಯೋಥೆರಪಿಗೆ ಉಳಿಸಿಕೊಳ್ಳಿ. ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ.

"ಪೆಟ್ಟು ಬಿದ್ದ ಮೇಲೂ ಆಡಿದಳಲ್ಲ, ಅಂದಮೇಲೆ ಏನಾಗಿರುತ್ತೆ?" ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿಯೇ ಇರುತ್ತಾರೆ. ನಿಮ್ಮ ಯಜಮಾನರು ಕ್ರಿಕೆಟ್ ನೋಡುವವರಾದರೆ 2019ರ ಆಗಸ್ಟ್‌ನ ಲಾರ್ಡ್ಸ್ ಟೆಸ್ಟ್ ನೆನಪಿರಬಹುದು. ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಆಗ 80 ರನ್ ಹೊಡೆದಿದ್ದರು. ಒಳಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು, ಪಾಸಾಗಿ, ಮತ್ತೆ ಬಂದು 92ರವರೆಗೂ ಬ್ಯಾಟ್ ಮಾಡಿದರು. ಲಕ್ಷಣ ಜೋರಾಗಿ ಕಂಡದ್ದು ಮಾರನೇ ದಿನ ಬೆಳಗ್ಗೆ. ತಲೆನೋವು, ಮಂಕು. ಆ ಪಂದ್ಯದಿಂದ ಹೊರಗೆ ಕೂರಿಸಿದರು, ಮುಂದಿನ ಟೆಸ್ಟಿಗೂ ಇಳಿಸಲಿಲ್ಲ. ಅವರ ಬದಲಿಗೆ ಬಂದ ಮಾರ್ನಸ್ ಲಬುಶೇನ್ ಟೆಸ್ಟ್ ಇತಿಹಾಸದ ಮೊದಲ ಕನ್ಕಷನ್ ಬದಲಿ ಆಟಗಾರ. ಅಷ್ಟು ಡಾಕ್ಟರುಗಳ ಕಣ್ಣೆದುರಿಗೇ ಲಕ್ಷಣ ತಡವಾಗಿ ಕಾಣಿಸಿಕೊಂಡಿತು. ಹಾಗಿರುವಾಗ ಟೆಂಪೋದಲ್ಲಿ ಬಂದ ನಿಮ್ಮ ಮಗಳ ವಾಂತಿಯಲ್ಲಿ ಆಶ್ಚರ್ಯ ಏನಿದೆ?

ಈಗ ಕತ್ತಲೆ ಕೋಣೆ. ನಿಮ್ಮ ಅತ್ತೆಯವರನ್ನು ಬೈಯಬೇಡಿ. ಕೆಲವು ವರ್ಷಗಳ ಹಿಂದಿನವರೆಗೂ ನಾನೂ ಅದನ್ನೇ ಹೇಳುತ್ತಿದ್ದೆ, ನನ್ನಂಥ ಎಷ್ಟೋ ಡಾಕ್ಟರುಗಳು ಹೇಳುತ್ತಿದ್ದರು. ತಲೆನೋವು ಪೂರ್ತಿ ಹೋಗುವವರೆಗೂ ಅಲುಗಾಡಬೇಡ, ಓದಬೇಡ ಅಂತ. ಆ ಸಲಹೆಯಿಂದ ಕೆಲವು ಮಕ್ಕಳು ಇನ್ನಷ್ಟು ಸೊರಗಿದ್ದನ್ನು ಕಣ್ಣಾರೆ ನೋಡಿದ್ದೇನೆ, ಅದರ ಬೇಸರ ನನಗೆ ಇದೆ. ಹದಿಮೂರು ವರ್ಷದ ಹುಡುಗಿಯನ್ನು ಎರಡು ವಾರ ಒಂಟಿಯಾಗಿ ಮಲಗಿಸಿ. ಹಗಲು ನಿದ್ದೆ ಬಂದು ರಾತ್ರಿ ನಿದ್ದೆ ಹೋಗುತ್ತದೆ. ಹೊಟ್ಟೆ ಹಸಿಯುವುದಿಲ್ಲ. ಗೆಳತಿಯರಿಲ್ಲ. ದಿನವಿಡೀ ಗಮನ ಹೋಗುವುದು ತಲೆನೋವಿನ ಕಡೆಗೇ. ಬೆಳಕು ತಾಗದ ಕಣ್ಣಿಗೆ ಆಮೇಲೆ ಸಣ್ಣ ಬೆಳಕೂ ಚುಚ್ಚುತ್ತದೆ. ಪೆಟ್ಟೇ ಆಗದ ಹುಡುಗಿಯನ್ನು ಹೀಗೆ ಇಟ್ಟರೂ ಅವಳಿಗೆ ತಲೆ ಸಿಡಿಯುತ್ತದೆ, ಸಿಟ್ಟು ಬರುತ್ತದೆ. ಇವಳ ಈಗಿನ ಲಕ್ಷಣಗಳಲ್ಲಿ ಒಂದು ಪಾಲು ಮೊಣಕಾಲಿನ ಪೆಟ್ಟಿನದು, ಇನ್ನೊಂದು ಪಾಲು ಕೋಣೆಯದು ಅಂತ ನನಗೆ ಅನ್ನಿಸುತ್ತದೆ.

2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರೀಡಾ ಕನ್ಕಷನ್ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ತೀರ್ಮಾನಗಳು ಮಾರನೇ ವರ್ಷ ಪ್ರಕಟವಾದವು. ವಿಶ್ರಾಂತಿ ಬೇಕಾದದ್ದು ಮೊದಲ 24ರಿಂದ 48 ಗಂಟೆ. ಅದೂ ಪೂರ್ತಿ ಮಲಗುವುದಲ್ಲ, ಮನೆಯೊಳಗೆ ಓಡಾಡಿಕೊಂಡಿರುವಂಥದ್ದು. ಮೊಬೈಲ್, ಟಿವಿ ಕಡಿಮೆ ಮಾಡಬೇಕಾದದ್ದೂ ಮುಖ್ಯವಾಗಿ ಆ ಎರಡು ದಿನ. ಆಮೇಲೆ ನಿಧಾನವಾಗಿ ಚಟುವಟಿಕೆ ಶುರು. ನಡೆಯುವುದು ಬರೀ ಅಪಾಯವಿಲ್ಲದ ಕೆಲಸ ಅಲ್ಲ, ಅದೇ ಔಷಧ. ಅಮೆರಿಕದಲ್ಲಿ 13ರಿಂದ 18 ವರ್ಷದ ಆಟಗಾರರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಹಗುರವಾದ ಏರೋಬಿಕ್ ವ್ಯಾಯಾಮ, ಅಂದರೆ ನಡಿಗೆಯಂತೆ ಎದೆಬಡಿತ ಸ್ವಲ್ಪ ಏರಿಸುವಂಥದ್ದು, ಇನ್ನೊಂದಕ್ಕೆ ಬರೀ ಮೈ ಸಡಿಲಿಸುವ ವ್ಯಾಯಾಮ. 2019ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪು ಸುಮಾರು 13 ದಿನಕ್ಕೆ ಚೇತರಿಸಿಕೊಂಡಿತು, ಎರಡನೆಯದಕ್ಕೆ 17 ದಿನ ಬೇಕಾಯಿತು.

ಪೆಟ್ಟು ಬಿದ್ದ ರಾತ್ರಿ ನಿದ್ದೆ ಮಾಡಲು ಬಿಡಬಾರದು, ಗಂಟೆಗೊಮ್ಮೆ ಎಬ್ಬಿಸಬೇಕು ಅನ್ನುವ ಇನ್ನೊಂದು ನಂಬಿಕೆಯೂ ಇದೆ. ಡಾಕ್ಟರು ನೋಡಿ ಮನೆಗೆ ಕಳಿಸಿದ ಮೇಲೆ ಮಗು ನೆಮ್ಮದಿಯಾಗಿ ನಿದ್ದೆ ಮಾಡಲಿ. ನಿದ್ದೆಯಿಂದಲೇ ಮೆದುಳು ಸುಧಾರಿಸಿಕೊಳ್ಳುವುದು. ತಲೆಗೆ ಎಣ್ಣೆ ಹಚ್ಚುತ್ತೀರಾ? ಹಚ್ಚಿ, ಹಿತವಾಗಿರುತ್ತದೆ. ಆದರೆ ಕುತ್ತಿಗೆ ತಿರುಗಿಸಿ ನೆಟಿಗೆ ತೆಗೆಯುವವರ ಹತ್ತಿರ ಮಾತ್ರ ಕರೆದುಕೊಂಡು ಹೋಗಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕುತ್ತಿಗೆಯ ಮಾತು ಬಂದದ್ದರಿಂದ ಒಂದು ವಿಷಯ. ಕನ್ಕಷನ್ ಆದ ಮೇಲೆ ಉಳಿಯುವ ತಲೆನೋವು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಇಂಥ ಮಗು ಬಂದಾಗ ನಾನು ಮೊದಲು ಸ್ಕ್ಯಾನ್ ತೆಗೆದು ನೋಡುವುದಿಲ್ಲ. ಒಂದು ಪೆನ್ನು ಹಿಡಿದು ಅದರ ತುದಿಯನ್ನು ನಿಧಾನವಾಗಿ ಮೂಗಿನ ಕಡೆಗೆ ತರುತ್ತೇನೆ. "ಎರಡಾಗಿ ಕಂಡ ತಕ್ಷಣ ಹೇಳು" ಅನ್ನುತ್ತೇನೆ. ಸಾಮಾನ್ಯವಾಗಿ ಮೂಗಿಗೆ ತೀರಾ ಹತ್ತಿರ ಬರುವವರೆಗೂ ಒಂದೇ ಕಾಣಬೇಕು. ಒಬ್ಬ ಹುಡುಗಿ ಒಂದು ಗೇಣು ದೂರ ಇರುವಾಗಲೇ "ಎರಡು" ಅಂದಳು. ಅವಳ ಒಂದು ಕಣ್ಣು ಒಳಕ್ಕೆ ಬರುತ್ತಿತ್ತು, ಇನ್ನೊಂದು ಅರ್ಧಕ್ಕೇ ನಿಂತು ಹೊರಕ್ಕೆ ಜಾರುತ್ತಿತ್ತು. ಅಷ್ಟರಲ್ಲೇ ಕಣ್ಣಲ್ಲಿ ನೀರು, ಹಣೆ ಗಂಟು. ಪುಸ್ತಕ ಹಿಡಿದರೆ ಅವಳಿಗೆ ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಮನೆಯಲ್ಲಿ ಎಲ್ಲರೂ ಅದನ್ನು ಓದುವ ಕಳ್ಳತನ ಅಂದುಕೊಂಡಿದ್ದರು. ಅಕ್ಷರ ಅಲುಗಾಡುತ್ತೆ ಅಂತ ನಿಮ್ಮ ಮಗಳು ಹೇಳುವುದು ಓದಿ ನನಗೆ ಅವಳೇ ನೆನಪಾದಳು. ಎರಡೂ ಕಣ್ಣು ಒಟ್ಟಿಗೆ ಕೂಡುವ ಈ ಕೆಲಸ ಪೆಟ್ಟಿನಿಂದ ಸ್ವಲ್ಪ ದಿನ ಸಡಿಲವಾಗಬಹುದು. ಬಹುತೇಕ ತಾನೇ ಸರಿಹೋಗುತ್ತದೆ, ಇಲ್ಲದಿದ್ದರೆ ಅದಕ್ಕೆ ಕಣ್ಣಿನ ವ್ಯಾಯಾಮಗಳಿವೆ.

ತಿರುಗಿದಾಗ ತಲೆಸುತ್ತು ಬರುವುದು ಕಿವಿಯೊಳಗಿನ ಸಮತೋಲನದ ಭಾಗದಿಂದ ಇರಬಹುದು, ಕುತ್ತಿಗೆಯ ಸ್ನಾಯುಗಳಿಂದಲೂ ಇರಬಹುದು. ಎರಡಕ್ಕೂ ಫಿಸಿಯೋಥೆರಪಿ ಇದೆ. ಮನೆಯಲ್ಲಿ ಯಾರಿಗಾದರೂ ಅರೆತಲೆನೋವು ಇದ್ದರೆ ಡಾಕ್ಟರಿಗೆ ಹೇಳಿ. ಅಂಥ ಮನೆಯ ಮಕ್ಕಳಿಗೆ ಈ ಪೆಟ್ಟು ಅದನ್ನು ಎಬ್ಬಿಸಿಬಿಡಬಹುದು. ಹಾಗಾಗಿ ಈ ವಾರದೊಳಗೆ ಮಕ್ಕಳ ಡಾಕ್ಟರ್ ಅಥವಾ ನರರೋಗ ತಜ್ಞರಿಗೆ ಒಮ್ಮೆ ತೋರಿಸಿ. ಕಣ್ಣು, ಕುತ್ತಿಗೆ, ಸಮತೋಲನ ಮೂರನ್ನೂ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ.

ಮಾತ್ರೆ ಬಗ್ಗೆ. ಪ್ಯಾರಸಿಟಮಾಲ್ ಮೊದಲ ಕೆಲವು ದಿನಕ್ಕೆ ಸರಿ. 16 ದಿನದಿಂದ ದಿನಾ ಕೊಡುತ್ತಿದ್ದರೆ ಈಗ ವಾರಕ್ಕೆ ಎರಡು ದಿನಕ್ಕೆ ಇಳಿಸಿ. ದಿನಾ ನೋವಿನ ಮಾತ್ರೆ ನುಂಗುತ್ತಾ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಬರುವುದುಂಟು. ಮೆದುಳಿನ ಟಾನಿಕ್ಕಿನಿಂದ ಮಕ್ಕಳ ಕನ್ಕಷನ್ ಬೇಗ ವಾಸಿಯಾಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ತೋರಿಸಲು ಹೋದಾಗ ಅದು ಬೇಕಾ ಅಂತ ಕೇಳಿ.

ನಾಳೆ ಬೆಳಗ್ಗೆ ಆ ಕೋಣೆಯ ಕಿಟಕಿ ತೆಗೆಯಿರಿ. ಬಿಸಿಲು ಏರುವ ಮುಂಚೆ ಅವಳ ಜೊತೆ ಹದಿನೈದು ನಿಮಿಷ ನಡೆಯಿರಿ. ಹೊರಡುವ ಮುಂಚೆ "ತಲೆನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸು?" ಅಂತ ಕೇಳಿ. ಮೂರು ಅಂದಳು ಅನ್ನಿ. ನಡೆದು ಬಂದ ಮೇಲೆ ನಾಲ್ಕೋ ಐದೋ ಆಗಿ ಒಂದು ಗಂಟೆಯೊಳಗೆ ಮತ್ತೆ ಮೂರಕ್ಕೆ ಇಳಿದರೆ ಭಯ ಬೇಡ. ಅದರಿಂದ ಮೆದುಳಿಗೆ ಹಾನಿ ಇಲ್ಲ. ಮೊದಲಿದ್ದದ್ದಕ್ಕಿಂತ ಎರಡು ಮಾರ್ಕ್ಸಿಗೂ ಜಾಸ್ತಿ ಏರಿದರೆ ಅಥವಾ ಗಂಟೆಯಾದರೂ ಇಳಿಯದಿದ್ದರೆ ಅವತ್ತಿಗೆ ನಿಲ್ಲಿಸಿ. ಮಾರನೇ ದಿನ ಸ್ವಲ್ಪ ಕಮ್ಮಿ ಮಾಡಿ. ನಿಲ್ಲಿಸಿಬಿಡಬೇಡಿ, ಕಮ್ಮಿ ಮಾಡಿ. ಓದಿಗೂ ಇದೇ ಲೆಕ್ಕ. ಹದಿನೈದು ನಿಮಿಷ ಓದು, ಆಮೇಲೆ ಕಣ್ಣು ಮುಚ್ಚಿ ಹತ್ತು ನಿಮಿಷ, ಮತ್ತೆ ಓದು. ಅವಳಿಗೆ ಕಷ್ಟವಾದಾಗ ನೀವೇ ಪಾಠ ಓದಿ ಹೇಳಬಹುದು. ಹಗಲು ನಿದ್ದೆ ಬಿಡಿಸಿ, ರಾತ್ರಿ ಒಂದೇ ಹೊತ್ತಿಗೆ ಮಲಗಿಸಿ. ಈ ದಾರಿಯಲ್ಲೂ ಏರಿಳಿತ ಇರುತ್ತದೆ. ಮೂರು ದಿನ ಚೆನ್ನಾಗಿದ್ದು ನಾಲ್ಕನೇ ದಿನ ತಲೆ ಹಿಡಿದುಕೊಂಡು ಕೂರಬಹುದು. ಆಗ ಮತ್ತೆ ಕತ್ತಲೆ ಕೋಣೆಗೆ ಓಡಬೇಡಿ.

ಸ್ಕೂಲಿಗೆ ಪೂರ್ತಿ ವಾಸಿಯಾಗುವವರೆಗೂ ಕಾಯಬೇಕಿಲ್ಲ. ಮನೆಯಲ್ಲಿ ಅರ್ಧ ಗಂಟೆ ಓದು ತಡೆದುಕೊಂಡರೆ ಅರ್ಧ ದಿನ ಕಳಿಸಿ. ಹೆಡ್ ಮಾಸ್ಟರಿಗೆ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಡಿ. ಬಿಸಿಲು ಬೀಳದ ಜಾಗದಲ್ಲಿ ಕೂರಿಸಲಿ. ಬೋರ್ಡಿನಿಂದ ಬರೆದುಕೊಳ್ಳುವ ಬದಲು ಗೆಳತಿಯ ನೋಟ್ಸ್ ಕೊಡಲಿ. ತಲೆನೋವು ಬಂದರೆ ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಕೂರಲು ಬಿಡಲಿ. ಬೆಳಗಿನ ಪ್ರಾರ್ಥನೆಗೆ ಬಿಸಿಲಲ್ಲಿ ನಿಲ್ಲಿಸುವುದು ಬೇಡ. ಎಫ್.ಎ. ಪರೀಕ್ಷೆ ಬಂದರೆ ಹೆಚ್ಚು ಸಮಯ ಕೊಡಲಿ ಅಥವಾ ಮುಂದಕ್ಕೆ ಹಾಕಲಿ. ಹೊರಗೆ ಗಾಯ ಕಾಣದ ಮಗುವಿಗೆ ಇಷ್ಟೆಲ್ಲ ಯಾಕೆ ಅಂತ ಯಾರಾದರೂ ಕೇಳಿದರೆ ಈ ಉತ್ತರವನ್ನೇ ಓದಲು ಕೊಡಿ.

ಇನ್ನು ಜಿಲ್ಲಾ ಮಟ್ಟ. ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹತ್ತು ದಿನದಲ್ಲಿ ತಲೆನೋವು ಮಾಯವಾದರೂ ಈ ಸಲ ಬೇಡ.

ಕಾರಣ ಹೇಳುತ್ತೇನೆ. ವೋಲ್ಟೇಜ್ ಕಮ್ಮಿ ಇರುವಾಗ ಪಂಪ್‌ಸೆಟ್ ಒತ್ತಾಯದಿಂದ ಓಡಿಸಿದರೆ ಮೋಟಾರಿನ ಕಾಯಿಲ್ ಸುಟ್ಟುಹೋಗುತ್ತದೆ, ನಿಮಗೆ ಗೊತ್ತಿರುವುದೇ. ಸುಧಾರಿಸಿಕೊಳ್ಳುತ್ತಿರುವ ಮೆದುಳಿಗೆ ಮತ್ತೊಂದು ಪೆಟ್ಟು ಬಿದ್ದರೆ, ಅದು ಸಣ್ಣದಾದರೂ, ವಾರಗಳಲ್ಲಿ ಮುಗಿಯಬೇಕಾದದ್ದು ತಿಂಗಳುಗಟ್ಟಲೆ ಎಳೆಯಬಹುದು. ತೀರಾ ಅಪರೂಪಕ್ಕೆ ಮೆದುಳು ಊದಿಕೊಂಡು ಜೀವಕ್ಕೇ ಕುತ್ತು ಬರುತ್ತದೆ. ಹಾಗೆ ಆದದ್ದೆಲ್ಲ ಹೆಚ್ಚಾಗಿ ಹದಿಹರೆಯದ ಮಕ್ಕಳಲ್ಲೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಝ್ಯಾಕರಿ ಲಿಸ್ಟೆಟ್ ಅನ್ನುವ ಹುಡುಗ ಇದ್ದ. ನಿಮ್ಮ ಮಗಳ ವಯಸ್ಸೇ, 13 ವರ್ಷ. 2006ರ ಅಕ್ಟೋಬರ್‌ನಲ್ಲಿ ಶಾಲೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟಾಯಿತು. ಸ್ವಲ್ಪ ಹೊತ್ತು ಕೂತು ಅದೇ ಪಂದ್ಯಕ್ಕೆ ಮತ್ತೆ ಇಳಿದ. ಆಟ ಮುಗಿಯುತ್ತಿದ್ದಂತೆ ಮೈದಾನದಲ್ಲೇ ಕುಸಿದ. ಮೆದುಳಿನ ಆಪರೇಷನ್ ಆಗಿ ಜೀವ ಉಳಿಯಿತು. ಆದರೆ ಮಾತು, ನಡಿಗೆ ಎಲ್ಲವನ್ನೂ ವರ್ಷಗಟ್ಟಲೆ ಮೊದಲಿಂದ ಕಲಿಯಬೇಕಾಯಿತು. 2009ರಲ್ಲಿ ಅವನ ಹೆಸರಿನಲ್ಲೇ ಆ ರಾಜ್ಯ ಕಾನೂನು ಮಾಡಿತು. ತಲೆಗೆ ಪೆಟ್ಟಾದ ಅನುಮಾನ ಇದ್ದರೆ ಮಗುವನ್ನು ಕೂಡಲೇ ಆಟದಿಂದ ತೆಗೆಯಬೇಕು, ವೈದ್ಯರ ಲಿಖಿತ ಒಪ್ಪಿಗೆ ಇಲ್ಲದೆ ಮತ್ತೆ ಇಳಿಸಬಾರದು ಅಂತ. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ನಿಮ್ಮ ಮಗಳು ಅವತ್ತು ಮುಖ ತೊಳೆದುಕೊಂಡು ಮತ್ತೆ ಅಂಕಣಕ್ಕೆ ಇಳಿದಳಲ್ಲ, ಅದನ್ನು ಓದುವಾಗ ನನ್ನ ಎದೆ ಧಸಕ್ ಅಂದದ್ದು ಇದಕ್ಕೇ. ಮೇಷ್ಟ್ರ ತಪ್ಪು ಅನ್ನುತ್ತಿಲ್ಲ. ಅವರಿಗೆ ಯಾರೂ ಇದನ್ನು ಹೇಳಿಕೊಟ್ಟಿರುವುದಿಲ್ಲ.

ಹೆಲ್ಮೆಟ್ ಹಾಕಿ ಆಡಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ. ಒಳಗೆ ಮೆದುಳು ಅಲುಗುವುದನ್ನು ಪೂರ್ತಿ ತಡೆಯಲಾರದು.

ಕಬಡ್ಡಿಗೆ ಮರಳುವುದು ಯಾವಾಗ? ಇಡೀ ದಿನ ಸ್ಕೂಲಿಗೆ ಹೋಗಿ, ಯಾವ ರಿಯಾಯಿತಿ ಇಲ್ಲದೆ ಪಾಠ ಕೇಳಿ, ತಲೆನೋವಿಲ್ಲದೆ ಮನೆಗೆ ಬರಬೇಕು. ಅದಕ್ಕೆ ಮುಂಚೆ ಮೈಮುಟ್ಟುವ ಆಟ ಇಲ್ಲ. ನಡಿಗೆ ಸಲೀಸಾದ ಮೇಲೆ ನಿಧಾನ ಓಟ. ಆಮೇಲೆ ಅಂಕಣದಲ್ಲಿ ಒಬ್ಬಳೇ ಪಾದದ ಚಲನೆ, ಬೋನಸ್ ಗೆರೆ ಮುಟ್ಟುವುದು, ಎದುರಿಗೆ ಯಾರೂ ಇಲ್ಲದೆ. ಇಷ್ಟರಲ್ಲಿ ಲಕ್ಷಣ ಪೂರ್ತಿ ಹೋಗಿದ್ದರೆ ಗೆಳತಿಯರ ಜೊತೆ ಅಭ್ಯಾಸ. ಆದರೆ ಯಾರೂ ಹಿಡಿಯುವಂತಿಲ್ಲ, ಎಳೆಯುವಂತಿಲ್ಲ. ಅದೂ ಸಲೀಸಾದರೆ ಡಾಕ್ಟರಿಗೆ ಮತ್ತೆ ತೋರಿಸಿ ಒಪ್ಪಿಗೆ ತೆಗೆದುಕೊಂಡು ಹಿಡಿತದ ಅಭ್ಯಾಸ. ಕೊನೆಗೆ ಪಂದ್ಯ. ಪ್ರತಿ ಮೆಟ್ಟಿಲಿಗೂ ಕಡೇಪಕ್ಷ ಒಂದು ಪೂರ್ತಿ ದಿನ. ಲಕ್ಷಣ ಮರಳಿದರೆ ಒಂದು ಮೆಟ್ಟಿಲು ಕೆಳಗೆ. ಇವಳು ಇನ್ನೂ ಎರಡು ಸಾಲು ಓದಲಾಗದೆ ಕೋಣೆಯಲ್ಲೇ ಇದ್ದಾಳೆ, ಇಷ್ಟೆಲ್ಲ ದಾಟಲು ಹತ್ತು ದಿನ ಸಾಲದು.

ಬುದ್ಧಿಯ ಬಗ್ಗೆ ನೀವು ಕೇಳಿದ್ದೀರಿ. ಕೇಳುವಾಗ ನಿಮ್ಮ ಕೈ ನಡುಗಿರಬೇಕು. ಒಂದೇ ಒಂದು ಕನ್ಕಷನ್ ಆಗಿ, ಸರಿಯಾಗಿ ಚೇತರಿಸಿಕೊಂಡ ಮಕ್ಕಳ ನೆನಪು, ಗಮನ, ಓದು ಮೊದಲಿನಂತೆ ಆಗುತ್ತದೆ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸುಧಾರಿಸುತ್ತಾರೆ. ದೊಡ್ಡವರಿಗಿಂತ ಮಕ್ಕಳಿಗೆ ಜಾಸ್ತಿ ದಿನ ಬೇಕು. ಕೆನಡಾದ ಆಸ್ಪತ್ರೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ 2016ರ ಅಧ್ಯಯನದಲ್ಲಿ ಸುಮಾರು 30 ಪರ್ಸೆಂಟ್ ಮಕ್ಕಳಿಗೆ ನಾಲ್ಕು ವಾರದ ನಂತರವೂ ಲಕ್ಷಣ ಉಳಿದಿತ್ತು. ಹದಿಹರೆಯದವರಿಗೆ, ಅದರಲ್ಲೂ ಹುಡುಗಿಯರಿಗೆ, ಆ ಸಾಧ್ಯತೆ ಹೆಚ್ಚು. ಹಾಗಾಗಿ 16ನೇ ದಿನಕ್ಕೆ ತಲೆನೋವು ಇರುವುದು ವಿಚಿತ್ರ ಏನಲ್ಲ. ನಾಲ್ಕು ವಾರ ದಾಟಿದರೆ ಮಾತ್ರ ಸುಮ್ನೆ ಕಾಯಬೇಡಿ. ನರಪುನಶ್ಚೇತನ ವಿಭಾಗ ಇರುವ ಕಡೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಿದೆ.

ಕೆಲವು ಲಕ್ಷಣ ಕಂಡರೆ ಮಾತ್ರ ಒಂದು ಗಂಟೆಯೂ ಕಾಯುವಂತಿಲ್ಲ, ರಾತ್ರಿಯಾದರೂ ಹೊರಡಬೇಕು. ತಲೆನೋವು ಏರುತ್ತಲೇ ಹೋಗುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಫಿಟ್ಸ್, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥದ್ದು ಸೋರುವುದು.

ಅವಳ ಸಿಟ್ಟು, ಅಳು ಎರಡೂ ಪೆಟ್ಟಿನ ಲಕ್ಷಣಗಳೇ. ಮನೆಯಲ್ಲಿ ತನ್ನನ್ನು ಯಾರೂ ನಂಬುತ್ತಿಲ್ಲ ಅನ್ನುವ ದುಃಖವೂ ಅದರಲ್ಲಿ ಸೇರಿದೆ. ಅಪ್ಪ ಒಂದು ಸಲ ಪಕ್ಕದಲ್ಲಿ ಕೂತು "ನಿನಗೆ ನೋವಿದೆ ಅಂತ ನನಗೆ ಗೊತ್ತಾಯ್ತು ಕಣಮ್ಮಾ" ಅಂದರೆ ಅರ್ಧ ಭಾರ ಇಳಿಯುತ್ತದೆ. ಇನ್ನು ಹದಿನೈದು ದಿನ ಕಳೆದರೂ ಮಂಕಾಗಿಯೇ ಇದ್ದರೆ, ಅಥವಾ ಬದುಕೇ ಬೇಡ ಅನ್ನುವಂಥ ಮಾತು ಒಮ್ಮೆ ಬಂದರೂ ಸರಿ, ಕೂಡಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪಿ.ಟಿ. ಮೇಷ್ಟ್ರಿಗೆ ನೀವು ಹೇಳಬೇಕಾದದ್ದು ಇಷ್ಟೇ: "ಈ ವರ್ಷ ಇಲ್ಲ ಸರ್, ಮುಂದಿನ ವರ್ಷ ಖಂಡಿತ." ಜೊತೆಗೆ ಒಂದು ಸಹಾಯ ಕೇಳಿ. ಟೀಮು ಸಂಜೆ ಅಭ್ಯಾಸ ಮಾಡುವಾಗ ಇವಳು ಅರ್ಧ ಗಂಟೆ ನೆರಳಲ್ಲಿ, ಅಂಕಣದಿಂದ ದೂರ ಕೂತು ಪಾಯಿಂಟ್ ಬರೆಯಲಿ. ಗೆಳತಿಯರ ಜೊತೆ ಇರುತ್ತಾಳೆ. ಅರ್ಧ ಗಂಟೆ ಆದ ಮೇಲೆ ಹತ್ತಕ್ಕೆ ಎಷ್ಟು ಅಂತ ಕೇಳಿ ಮನೆಗೆ ಕರೆದುಕೊಂಡು ಬನ್ನಿ.